ಉತ್ತರ ದಂಡೆಯ ದೊರೆ ನಕ್ಕ

ದು ಲೈಶುನ್ ರಂಗದ ಮೇಲೆ ಹದಿನಾರು ಸಲ ಸತ್ತ. ಹದಿನಾರು ಸಲವೂ ತಲೆ ಕಡಿಸಿಕೊಂಡೇ ಸತ್ತ. ಹದಿನೇಳನೆಯ ಸಲ ಮಾತ್ರ ತನ್ನ ಹಾಸಿಗೆಯಲ್ಲಿ, ಎಪ್ಪತ್ತಾರನೆಯ ವಯಸ್ಸಿನಲ್ಲಿ, ಯಾರ ಕತ್ತಿಯ ಹಂಗೂ ಇಲ್ಲದೆ ಹೋದ. ಈಗಿನವರು ಟಿವಿಯಲ್ಲಿ ದೊರೆಗಳ ಕಾದಾಟ ನೋಡಿ ಬಾಯಿ ಬಿಡುತ್ತಾರೆ. ನನಗೆ ನೋಡಲಾಗುವುದಿಲ್ಲ. ಆ ದೊರೆಗಳ ಕುದುರೆ ನಿಜವಾದದ್ದು, ಕವಚ ಕಬ್ಬಿಣದ್ದು, ಕೋಪ ಮಾತ್ರ ಅಂಗಡಿಯಿಂದ ತಂದದ್ದು. ನಮ್ಮ ಬೈಶಿಗೌ ಊರಿನ ದೊರೆಗಳಿಗೆ ಕುದುರೆ ಎಂದರೆ ಕೈಯಲ್ಲೊಂದು ಚಾವಟಿ, ಕವಚ ಎಂದರೆ ರಟ್ಟು. ಆದರೂ ಐದು ಹಳ್ಳಿಯವರು ಮಂಜು ತುಳಿದುಕೊಂಡು ಬರುತ್ತಿದ್ದರು.

ಲೈಶುನ್ ತೋಫು ಮಾಡುವವನು. ಕೋಳಿ ಕೂಗುವ ಮುಂಚೆ ಎದ್ದು, ಕತ್ತೆಯನ್ನು ಬೀಸುಕಲ್ಲಿಗೆ ಕಟ್ಟಿ ಸೋಯಾ ಅರೆದು, ಹಾಲು ಒಡೆಸಿ, ಹಲಗೆಯಡಿ ಒತ್ತಿ, ಹೊತ್ತು ಮೂಡುವಾಗ ಮರದ ತಟ್ಟೆ ಹೊತ್ತು ಬೀದಿಗೆ ಇಳಿಯುತ್ತಿದ್ದ. ಕೈಯಲ್ಲಿ ಟೊಕ್ ಟೊಕ್ ಎನ್ನುವ ಮರದ ತುಂಡು. ಆದರೆ ಅವನು ಬಂದದ್ದು ಆ ಟೊಕ್ ಟೊಕ್‌ನಿಂದ ಗೊತ್ತಾಗುತ್ತಿರಲಿಲ್ಲ, ನಗುವಿನಿಂದ ಗೊತ್ತಾಗುತ್ತಿತ್ತು. ಹೂಜಿ ಬಗ್ಗಿಸಿದ ಹಾಗೆ ಗುಳುಗುಳು ಎಂದು ಶುರುವಾಗಿ, ಕೊನೆಗೆ ಉಸಿರು ಸಾಲದೆ ಅವನ ಕತ್ತೆಯ ಧಾಟಿಗೇ ಬಂದು ನಿಲ್ಲುವ ನಗು. ಸಾವಿನ ಮನೆಯಲ್ಲಿ, ಎಲ್ಲಿ ನಕ್ಕುಬಿಡುತ್ತಾನೋ ಎಂದು, ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಿರಲಿಲ್ಲ.

ಇಂಥವನು ನಮ್ಮ ಆಟದಲ್ಲಿ ಉತ್ತರ ದಂಡೆಯ ದೊರೆ. ದಕ್ಷಿಣ ದಂಡೆಯ ದೊರೆ ಹೌ ಮಾನ್‌ಶಾನ್, ಹಂದಿ ಕಡಿಯುವವನು. ಅವನ ಮುಖ ಅವನ ಕೊರಡಿನಷ್ಟೇ ಗಟ್ಟಿ. ಇಬ್ಬರಿಗೂ ನಡುವಿನ ಕೋಟೆಯ ಮೇಲೆ ಕಣ್ಣು. ಯುದ್ಧಕ್ಕೆ ಮುಂಚೆ ಇಬ್ಬರೂ ಎರಡು ಮೇಜಿನ ಮೇಲೆ ನಿಂತು, ನಡುವೆ ಹಾಸಿದ ನೀಲಿ ಬಟ್ಟೆಯ ಹೊಳೆಯ ಆಚೆ ಈಚೆಯಿಂದ ಬೈದುಕೊಳ್ಳಬೇಕು. ಈ ಬೈಗುಳವನ್ನು ಯಾರೂ ಬರೆದುಕೊಟ್ಟಿಲ್ಲ. ಸತ್ತವರನ್ನು ಬೈಯುವಂತಿಲ್ಲ, ಹೆಂಗಸರನ್ನು ಮಾತಿಗೆ ಎಳೆಯುವಂತಿಲ್ಲ, ಮಿಕ್ಕದ್ದೆಲ್ಲ ಅವರವರ ನಾಲಿಗೆಗೆ ಬಿಟ್ಟದ್ದು. ಮೊದಲು ನಕ್ಕವನು ಸೋತ. ಅವನು ಮಂಡಿಯೂರಬೇಕು, ಗೆದ್ದವನು ಕತ್ತಿ ಬೀಸಿದಾಗ ತಲೆ ಹೋಯಿತೆಂಬ ಗುರುತಿಗೆ ಮೇಲೆ ಕೆಂಪು ಬಟ್ಟೆ ಬೀಳುತ್ತದೆ, ಆಮೇಲೆ ಗೆದ್ದವನು ಎಲ್ಲಕ್ಕಿಂತ ಎತ್ತರದ ಮೂರನೆಯ ಮೇಜು ಹತ್ತಿ ಕೋಟೆಯ ಮುದ್ರೆ ಹಿಡಿಯುತ್ತಾನೆ. ಪಟ್ಟಣದ ಮೇಷ್ಟ್ರೊಬ್ಬರು ಒಮ್ಮೆ ಬಂದು, ಇತಿಹಾಸದಲ್ಲಿ ನಿಜವಾಗಿ ಗೆದ್ದದ್ದು ಯಾರು ಎಂದು ಕೇಳಿದರು. ನನಗೆ ಜಾಗಟೆ ಕಲಿಸಿದ ಮುದುಕ, "ಯಾವ ವರ್ಷದ್ದು ಹೇಳಿ ಸ್ವಾಮಿ" ಎಂದ.

ಲೈಶುನ್ ಒಂದು ಸಲವೂ ಗೆಲ್ಲಲಿಲ್ಲ. ಮೊದಲ ನಾಲ್ಕು ಸೋಲನ್ನು ನಾನು ಜನರ ನಡುವೆ ಕೂತು ನೋಡಿದೆ. ಆಮೇಲೆ ಹಳೆಯ ದೊರೆಗಳ ಆಟ ಆಡಬಾರದೆಂದು ಮೇಲಿನಿಂದ ಅಪ್ಪಣೆ ಬಂತು. ಹದಿಮೂರು ವರ್ಷ ಇಬ್ಬರು ದೊರೆಗಳ ಕಿರೀಟಗಳೂ ಲೈಶುನ್ ಮನೆಯ ಸೋಯಾ ಗುಡಾಣದಲ್ಲಿ ಒಂದರ ಮೇಲೊಂದು ಮಲಗಿದ್ದವು. ಮತ್ತೆ ಆಟ ಶುರುವಾದಾಗ ಜಾಗಟೆ ನನ್ನ ಕೈಗೆ ಬಂತು. ಯಾರು ಮೊದಲು ನಕ್ಕರು ಎಂದು ನೋಡಿ, ಸೋತವನ ಕಡೆ ತಿರುಗಿ ಜಾಗಟೆ ಬಡಿಯುವುದು ನನ್ನ ಕೆಲಸ. ಪ್ರತಿವರ್ಷ ನಾನು ಉತ್ತರದ ಕಡೆಗೇ ತಿರುಗಿ ಬಡಿದೆ.

ಮಾನ್‌ಶಾನ್‌ಗೆ ಅವನ ನರನಾಡಿ ಗೊತ್ತಿತ್ತು. ಒಂದು ವರ್ಷ ಮೀಸೆ ತಿರುವಿ ಗುಡುಗಿದ: "ಎಲವೋ, ಇವತ್ತು ಬೆಳಗ್ಗೆ ನಿನ್ನ ಕತ್ತೆ ನನ್ನ ಹಿತ್ತಲಿಗೆ ನುಗ್ಗಿ ಕೋಸು ತಿಂತು! ನಿನ್ನ ಸೇನಾಪತಿ ಇರ್ಬೇಕು ಅಂತ ಕೈಮುಗಿದು ಕಳಿಸ್ಕೊಟ್ಟಿದ್ದೀನಿ!" ಲೈಶುನ್ ಮೇಜಿನ ಮೇಲೇ ಕುಸಿದ. ಇನ್ನೊಂದು ವರ್ಷ ಮಾನ್‌ಶಾನ್ ಮಾತೇ ಆಡಲಿಲ್ಲ. ಕಿರೀಟ ತೆಗೆದ, ಒಳಗಿನಿಂದ ಒಂದು ತುಂಡು ತೋಫು ತೆಗೆದ, ಶತ್ರುವನ್ನೇ ದುರುಗುಟ್ಟಿ ನೋಡುತ್ತ ಬಾಯಿ ತೆರೆದ. ಅವನು ಕಚ್ಚುವ ಮೊದಲೇ ಇವನ ತಲೆ ಹೋಗಿತ್ತು.

ಹನ್ನೊಂದನೆಯ ಸೋಲಿನ ಮಾರನೆಯ ದಿನ ಅವನ ಮನೆಯಲ್ಲಿ ನವಣೆ ಗಂಜಿ ಕುಡಿಯುತ್ತ ಕೂತಿದ್ದೆ. ಅವನ ತಾಯಿಗೆ ಆಗ ಎಂಬತ್ತರ ಹತ್ತಿರ. ಮಗ ಐವತ್ತು ದಾಟಿದ್ದರೂ ಅವಳಿಗೆ ಅವನಿನ್ನೂ ನಾಯಿಮರಿಯೇ. ಕೆಟ್ಟ ಕಣ್ಣು ಬೀಳದಿರಲಿ ಎಂದು ತೊಟ್ಟಿಲಲ್ಲಿ ಇಟ್ಟ ಹೆಸರು ಅದು.

"ನಾಯಿಮರಿ," ಎಂದಳು ಮುದುಕಿ, ಒಲೆಯ ಕಟ್ಟೆಯ ಮೇಲೆ ಕೂತು. "ಹನ್ನೊಂದು ಸಲ ಆಯ್ತು ನನ್ನ ಮುಂದೆ ನಿನ್ನ ತಲೆ ಹೋಗಿ. ಹೆತ್ತವಳು ಇನ್ನೆಷ್ಟು ಸಲ ಇದನ್ನ ಸಹಿಸ್ಬೇಕೋ? ನಾನು ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ಆ ಮೇಲಿನ ಮೇಜು ಹತ್ತೋ."

"ಹತ್ತೋಣ ಬಿಡವ್ವ, ಎಲ್ಲಿ ಹೋಗುತ್ತೆ ಮೇಜು," ಎಂದು ಅವನು ನಕ್ಕ. ಆದರೆ ನಗು ಕತ್ತೆಯ ಧಾಟಿಯವರೆಗೂ ಹೋಗಲಿಲ್ಲ, ನಡುವೆಯೇ ನಿಂತಿತು. ಬಾಗಿಲವರೆಗೂ ನನ್ನ ಜೊತೆ ಬಂದು, "ಬಾವ್‌ತಿಯಾನ್, ಮುಂದಿನ ವರ್ಷ ನಾನು ಗೆಲ್ಲಲೇಬೇಕು ಕಣೋ," ಎಂದ. ಅವನು ಹಾಗೆ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಆ ವರ್ಷವಿಡೀ ಅವನು ನಗದಿರುವುದನ್ನು ಕಲಿತ. ಕತ್ತೆಯ ಎದುರು ನಿಂತು ಅಭ್ಯಾಸ ಮಾಡಿದ. ದುಃಖದ ಸಂಗತಿ ನೆನೆದು ನೋಡಿದ, ಒಂದೊಂದು ದುಃಖದ ಹಿಂದೆಯೂ ಯಾವುದಾದರೂ ತಮಾಷೆ ಹಲ್ಲು ಕಿರಿಯುತ್ತಿತ್ತು. ಊರಿನವರು ಸುಮ್ಮನಿರುತ್ತಾರೆಯೇ? ತೋಫು ಕೊಳ್ಳಲು ಬಂದವರೆಲ್ಲ ಹುಬ್ಬು ಕುಣಿಸಿ ಹೋದರು.

ನನಗೆ ಮನಸ್ಸು ತಡೆಯಲಿಲ್ಲ. ಮಾನ್‌ಶಾನ್ ಅಂಗಡಿಗೆ ಹೋಗಿ, ಈ ವರ್ಷ ಸ್ವಲ್ಪ ಬಿಟ್ಟುಕೊಡಣ್ಣ, ಮುದುಕಿಗೋಸ್ಕರ, ಎಂದೆ. ಅವನು ಕತ್ತಿಯನ್ನು ಕೊರಡಿಗೆ ಕಚ್ಚಿಸಿ ನನ್ನನ್ನು ನೋಡಿದ.

"ಬಿಟ್ಟುಕೊಟ್ರೆ ಅದು ಭಿಕ್ಷೆ ಆಗುತ್ತೆ ಕಣಯ್ಯ. ಇಷ್ಟು ವರ್ಷ ನನ್ನ ಕೈಲಿ ಸತ್ತವನಿಗೆ ನಾನು ಭಿಕ್ಷೆ ಹಾಕ್ಲಾ? ಹೋಗು, ಜಾಗಟೆ ಉಜ್ಕೋ ಹೋಗು."

ಹೊಸ ವರ್ಷದ ಮೊದಲ ತಿಂಗಳು ಬಂತು. ನಡುಹಗಲು, ಹಲ್ಲು ಕಡಿಯುವ ಚಳಿ. ಜನ ವಿನಿಗರ್ ಹಾಕಿದ ಬಿಸಿ ಶ್ಯಾವಿಗೆ ಸೊರ ಸೊರ ಎಳೆಯುತ್ತ ಬೆಂಚುಗಳ ಮೇಲೆ ಕಿಕ್ಕಿರಿದಿದ್ದರು. ಮುದುಕಿ ಎಂದಿನಂತೆ ಮುಂದಿನ ಸಾಲಿನ ನಡುವೆ, ಹತ್ತಿಯ ಕೋಟಿನೊಳಗೆ ಹುದುಗಿ ಕೂತಿದ್ದಳು. ಮುಖಕ್ಕೆ ಬಣ್ಣ ಬಳಿದುಕೊಂಡ ಲೈಶುನ್ ಪರದೆಯ ಹಿಂದೆ ಒಂದು ಹಿಡಿ ಜುಮ್ಮನಕಾಯಿ ತೆಗೆದು ಬಾಯಿಗೆ ಹಾಕಿಕೊಂಡು ಕರಕರ ಅಗಿದ. ಅಡುಗೆಗೆ ನಾಲ್ಕು ಕಾಳು ಹಾಕಿದರೇ ನಾಲಿಗೆ ಮರಗಟ್ಟುವ ಪದಾರ್ಥ ಅದು.

"ಏನಣ್ಣ ಇದು?" ಎಂದೆ ಗಾಬರಿಯಾಗಿ.

"ತುಟಿ ಇದ್ರೆ ತಾನೇ ನಗೋದು?" ಎಂದು ಕಣ್ಣು ಹೊಡೆದು ಮೇಜು ಹತ್ತಿದ.

ಮಾನ್‌ಶಾನ್ ತನ್ನ ಬತ್ತಳಿಕೆಯಲ್ಲಿದ್ದದ್ದನ್ನೆಲ್ಲ ಬಿಟ್ಟ. "ನಿನ್ನ ಸೈನ್ಯಕ್ಕಿಂತ ನಿನ್ನ ತೋಫುನೇ ಗಟ್ಟಿ ಅನ್ನೋಣ ಅಂದ್ರೆ, ಸುಳ್ಳು ಹೇಳಿದ ಪಾಪ ನಂಗ್ಯಾಕೆ!" ಜನ ಹೊಟ್ಟೆ ಹಿಡಿದುಕೊಂಡರು. ಲೈಶುನ್ ಮುಖ ಅಲ್ಲಾಡಲಿಲ್ಲ. ಕತ್ತೆಯ ಮಾತು ಬಂತು, ಅಲ್ಲಾಡಲಿಲ್ಲ. ಕಳೆದ ಬೇಸಿಗೆಯಲ್ಲಿ ಅವನು ಬೀಸುಕಲ್ಲಿನ ಹಗ್ಗ ಎಡವಿ ಸೋಯಾ ಹಾಲಿನ ತೊಟ್ಟಿಗೇ ಬಿದ್ದದ್ದು ಬಂತು. ಆಗಲೂ ಇಲ್ಲ. ನಗಬೇಕೆಂದರೂ ಅವನಿಗೆ ಅರ್ಧ ಮುಖವೇ ಇರಲಿಲ್ಲ.

ಈಗ ಉತ್ತರ ದಂಡೆಯ ಸರದಿ. ಅವನು ಎದೆ ಉಬ್ಬಿಸಿದ, ಕೈಯೆತ್ತಿದ, ಕೋಟೆಯನ್ನು ಪುಡಿಪುಡಿ ಮಾಡುತ್ತೇನೆಂದು ಅಬ್ಬರಿಸಲು ಬಾಯಿ ತೆರೆದ.

"ನಿಲ್ಲ ಹೋಠೆ ಹುಡಿಹುಡಿ ಹಾಡ್ತೀಲಿ!"

ಮಾತಿನ ಹಿಂದೆಯೇ ಜೊಲ್ಲು ಬಂತು. ಸೊಂಟದವರೆಗೆ ಇಳಿದ ವೇಷದ ಕರಿಗಡ್ಡದ ಮೇಲೆ ನಿಧಾನವಾಗಿ ಇಳಿಯಿತು. ಪಾಪ, ತುಟಿ ಮರಗಟ್ಟಿದವನಿಗೆ ಅದು ಗೊತ್ತೇ ಆಗಲಿಲ್ಲ. ಇನ್ನೂ ಗಂಭೀರವಾಗಿ, "ಹೆದಲಿದೆಯಾ?" ಎಂದ.

ಮಾನ್‌ಶಾನ್‌ನ ಗಲ್ಲ ಒಮ್ಮೆ ನಡುಗಿತು. ಕಣ್ಣು ಮುಚ್ಚಿಕೊಂಡ. ಹಲ್ಲು ಕಚ್ಚಿದ. ಆಮೇಲೆ ಆ ಕೊರಡು ಸೀಳಿಹೋಯಿತು. ಯಾರೂ ಕೇಳಿರದಿದ್ದ ಒಂದು ಕೀರಲು ನಗು, ಹಂದಿಮರಿಯದೇ. ನಗುತ್ತ ನಗುತ್ತ ಮೇಜಿನಿಂದ ಉರುಳಿ ಹೊಳೆಗೇ ಬಿದ್ದ.

ನಾನು ದಕ್ಷಿಣಕ್ಕೆ ತಿರುಗಿ ಜಾಗಟೆ ಬಡಿದೆ. ಕೆಂಪು ಬಟ್ಟೆ ಮಾನ್‌ಶಾನ್ ಮೇಲೆ ಬಿತ್ತು. ಲೈಶುನ್ ಮೂರನೆಯ ಮೇಜು ಹತ್ತಿದ, ಮುದ್ರೆ ಹಿಡಿದ. ಜನ ಬೆಂಚುಗಳ ಮೇಲೆ ಹತ್ತಿ ಕೂಗಿದರು. ಕೊನೆಗೆ ಗೆದ್ದ ದೊರೆ ಮಾತಾಡಬೇಕು, ಹಾಗಾಗಿ ಎಲ್ಲರೂ ಸುಮ್ಮನಾದರು. ಲೈಶುನ್ ತಾಯಿಯನ್ನೇ ನೋಡುತ್ತಿದ್ದ. ಆ ನಿಶ್ಶಬ್ದದಲ್ಲಿ ಮುದುಕಿ ಪಕ್ಕದವಳನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು.

"ಆಟ ಮುಗೀತೇನೇ? ನಮ್ಮ ನಾಯಿಮರಿ ಬರಲೇ ಇಲ್ವಲ್ಲ. ಹುಷಾರಿಲ್ವಾ ಅವನಿಗೆ?"

"ಅಯ್ಯೋ ಅಜ್ಜಿ, ಎದುರಿಗೇ ಮೇಲೆ ನಿಂತಿದ್ದಾನಲ್ಲ!"

"ಅವನ್ಯಾರೋ ಬಾಯಿಗೆ ಬಟ್ಟೆ ತುರುಕ್ಕೊಂಡು ಕೂಗಿದ. ನಮ್ಮೋನು ಆಗಿದ್ರೆ ನಗ್ತಿದ್ದ. ಅವನು ನಕ್ಕರೆ ತಾನೇ ನಂಗೆ ಅವನು ಅಂತ ಗೊತ್ತಾಗೋದು?"

ಆಗಲೇ ನಮಗೆ ತಿಳಿದದ್ದು. ಅವಳ ಕಣ್ಣು ಹೋಗಿ ಎಷ್ಟು ವರ್ಷವಾಗಿತ್ತೋ ದೇವರಿಗೇ ಗೊತ್ತು. ಒಲೆ, ಅಂಗಳ, ಬಾವಿ ಎಲ್ಲ ಕಾಲಿಗೆ ಪಾಠವಾಗಿದ್ದರಿಂದ ಯಾರಿಗೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಒಂದೇ ಮನೆಯಲ್ಲಿದ್ದ ಮಗನಿಗೂ.

ಮೇಲೆ ಲೈಶುನ್ ಕಲ್ಲಾಗಿದ್ದ. ಕೈಯಲ್ಲಿನ ಮುದ್ರೆಯನ್ನು ಒಮ್ಮೆ ನೋಡಿದ. ಆಮೇಲೆ ನಗಲು ಶುರು ಮಾಡಿದ. ಮರಗಟ್ಟಿದ ತುಟಿ ಮಾತು ಕೇಳಲಿಲ್ಲ, ಮೊದಲು ಬರೀ ಗಾಳಿ ಬಂತು. ಮತ್ತೆ ಪ್ರಯತ್ನಿಸಿದ. ಹೊಟ್ಟೆಯ ಆಳದಿಂದ ಗುಳುಗುಳು ಎಂದು ಹತ್ತಿ ಬಂತು, ಬಂದದ್ದು ನಿಲ್ಲಲಿಲ್ಲ, ಕೊನೆಗೆ ಕತ್ತೆಯ ಧಾಟಿಗೂ ಹೋಯಿತು. ಮುಖದ ಬಣ್ಣ ಕಣ್ಣೀರಿಗೆ ಕರಗಿ ಗಡ್ಡಕ್ಕೆ ಇಳಿಯುತ್ತಿತ್ತು.

"ಹಾ, ಅವನೇ," ಎಂದಳು ಮುದುಕಿ. "ಇದ್ದಾನೆ. ಏನೇ ಅನ್ನಿ, ಹೆತ್ತವರಿಗೆ ಹೆಗ್ಗಣ ಮುದ್ದು."

ಕೆಂಪು ಬಟ್ಟೆಯಡಿ ಸತ್ತು ಬಿದ್ದಿದ್ದ ಮಾನ್‌ಶಾನ್ ಎದ್ದು ಕೂತು, "ನಕ್ಕ! ಎಲ್ರೂ ನೋಡಿದ್ರಲ್ಲ, ಉತ್ತರದವನು ನಕ್ಕ!" ಎಂದು ಕೂಗಿದ. ನಿಯಮದ ಪ್ರಕಾರ ಮೊದಲು ನಕ್ಕವನು ಮಾನ್‌ಶಾನನೇ. ನಾನು ಕೋಲು ಎತ್ತಲಿಲ್ಲ. ಲೈಶುನ್ ಮುದ್ರೆಯನ್ನು ಮೇಜಿನ ಮೇಲಿಟ್ಟು ಕೆಳಗಿಳಿದ, ತಾಯಿಯ ಎದುರಿಗೇ ರಂಗದ ತುದಿಯಲ್ಲಿ ಮಂಡಿಯೂರಿದ.

"ಹೊಡಿಯೋ ಬಾವ್‌ತಿಯಾನ್. ಅವ್ವ ಕಾಯ್ತಿದ್ದಾಳೆ," ಎಂದ, ತೊದಲಿಕೊಂಡೇ.

ಉತ್ತರಕ್ಕೆ ತಿರುಗಿ ಬಡಿದೆ. ಮಾನ್‌ಶಾನ್ ಕತ್ತಿ ಬೀಸುವ ಮೊದಲು ಲೈಶುನ್ ಭುಜದ ಮೇಲೆ ಒಂದು ಗಳಿಗೆ ಕೈ ಇಟ್ಟ. ಜಾಗಟೆ ಕೇಳಿದ ಮುದುಕಿ ತೊಡೆ ತಟ್ಟಿಕೊಂಡು, "ಹನ್ನೆರಡಾಯ್ತು! ಥೂ, ಬಾಯಿ ಮುಚ್ಕೊಂಡಿರೋಕೆ ಆಗಲ್ವಲ್ಲೋ ನಿಂಗೆ!" ಎಂದು ಬೈದಳು. ಇಡೀ ಬೈಶಿಗೌನಲ್ಲಿ ಅಷ್ಟು ಸಂತೋಷವಾಗಿ ಬೈದವರನ್ನು ನಾನು ಬೇರೆ ಕಂಡಿಲ್ಲ.

ಆ ವರ್ಷದ ನವಣೆ ಕೊಯ್ಲಿಗೆ ಮುಂಚೆ ಅವಳು ಹೋದಳು. ಆಮೇಲೆ ನಾಲ್ಕು ವರ್ಷ ಆಟ ನಡೆಯಿತು, ನಾಲ್ಕರಲ್ಲೂ ಲೈಶುನ್ ಸೋತ. ಮಾನ್‌ಶಾನ್‌ಗೂ ವಯಸ್ಸಾಗಿತ್ತು, ಅವನ ಬೈಗುಳದಲ್ಲಿ ಮೊದಲಿನ ಮೊನೆ ಇರಲಿಲ್ಲ. ನಗದಿರುವುದು ಅಷ್ಟೇನೂ ಕಷ್ಟವಾಗಿರಲಿಲ್ಲ. ಆದರೂ ಲೈಶುನ್ ಸ್ವಲ್ಪ ಹೊತ್ತು ಬಿಗಿಹಿಡಿದಿದ್ದು, ಮುಂದಿನ ಸಾಲಿನ ನಡುವೆ ತಾಯಿ ಕೂರುತ್ತಿದ್ದ ಜಾಗವನ್ನು ಒಮ್ಮೆ ನೋಡಿ, ಆಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ನಗುತ್ತಿದ್ದ.