ಮೆಹದಿಪಟ್ಟಣಂನಲ್ಲಿ ಒಂದು ದಿನದ ಪೋರ್ಚುಗಲ್

ಅಕ್ಕ ತೀರಿಕೊಳ್ಳುವ ಹಿಂದಿನ ದಿನ ನಾವಿಬ್ಬರೂ ಪೋರ್ಚುಗಲ್‌ನಲ್ಲಿದ್ದೆವು. ಅಂದರೆ ಹೈದರಾಬಾದಿನ ನಮ್ಮ ಮೆಹದಿಪಟ್ಟಣಂನಲ್ಲೇ ಇದ್ದೆವು. ಅವತ್ತಿನ ಮಟ್ಟಿಗೆ ಅದು ಪೋರ್ಚುಗಲ್.

ನಾವು ಮದುವೆಯಾಗದ ಅಕ್ಕ ತಂಗಿ. ಅಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು, ನಾನು ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಇಬ್ಬರೂ ನಿವೃತ್ತರಾದ ಮೇಲೆ ಉಳಿದ ಆಯುಷ್ಯವನ್ನು ಫಾರಿನ್ನಿನಲ್ಲಿ ಕಳೆಯಬೇಕೆಂಬ ಆಸೆ ಅಕ್ಕನಿಗೆ ಹುಟ್ಟಿತು. "ಹುಟ್ಟಿದಾಗಿಂದ ರಾಯಚೂರು, ಹೈದರಾಬಾದ್. ಹೈದರಾಬಾದ್, ರಾಯಚೂರು. ಬಸ್ಸಿನ ಬೋರ್ಡ್ ಆಗೇತಿ ನಮ್ಮ ಬಾಳೇವು," ಎನ್ನುತ್ತಿದ್ದಳು.

ಆದರೆ ಅವಳು ನರ್ಸ್. ಟೆಸ್ಟ್ ಡೋಸ್ ಕೊಡದೆ ಯಾರಿಗೂ ಪೂರ್ತಿ ಇಂಜೆಕ್ಷನ್ ಚುಚ್ಚಿದವಳಲ್ಲ. ದೇಶಗಳಿಗೂ ಅದೇ ನಿಯಮ. ಥಾಯ್ಲೆಂಡಿನ ಟೆಸ್ಟ್ ಡೋಸ್ ಎಂದು ಒಂದು ವಾರ ಎಲ್ಲ ಸಾರು, ಪಲ್ಯಗಳಿಗೂ ತೆಂಗಿನಹಾಲು ಹಾಕಿದಳು. ಇಬ್ಬರಿಗೂ ಹೊಟ್ಟೆ ಕೆಟ್ಟಿತು. ಥಾಯ್ಲೆಂಡ್ ಫೇಲ್ ಎಂದು ತೀರ್ಪು ಕೊಟ್ಟಳು. ಆ ದೇಶಕ್ಕೆ ಈ ವಿಷಯ ಇನ್ನೂ ಗೊತ್ತಿಲ್ಲ.

ಪೋರ್ಚುಗಲ್‌ಗೆ ಭಾಷೆಯ ಪರೀಕ್ಷೆ. ಬಾಗಿಲು ದಾಟಿದ ಮೇಲೆ ಕನ್ನಡ, ತೆಲುಗು, ಉರ್ದು, ಹಿಂದಿ ಯಾವುದನ್ನೂ ಆಡುವಂತಿಲ್ಲ.

"ಇಂಗ್ಲಿಷ್?" ಎಂದೆ.

"ಅದು ನಿನಗ ಇಲ್ಲೂ ಬರಾಂಗಿಲ್ಲ. ಸುಮ್ನ ಕೈಸನ್ನಿ ಮಾಡು."

ತರಕಾರಿ ಗಾಡಿಯ ಮುಂದೆ ಅಕ್ಕ ಬೆಂಡೆಕಾಯಿ ತೋರಿಸಿದಳು, ಒಂದು ಬೆರಳು ಎತ್ತಿದಳು. ಎಷ್ಟೋ ವರ್ಷದಿಂದ ನಮ್ಮನ್ನು ಬಲ್ಲ ತರಕಾರಿಯವನು ಗಾಬರಿಯಾದ. "ಗಲಾ ಖರಾಬ್ ಹೈ ಕ್ಯಾ, ಅಮ್ಮಾ?" ಎಂದು ಗಂಟಲಿನ ಕ್ಷೇಮ ಕನಿಕರದಿಂದ ವಿಚಾರಿಸಿ, ಒಂದು ಹಿಡಿ ಕೊತ್ತಂಬರಿ ಪುಕ್ಕಟೆ ಹಾಕಿದ. ಆಮೇಲೆ ಬೆಂಡೆಕಾಯಿಯ ರೇಟು ಹೇಳಿದ.

"ಭೇಂಡಿ ಇತ್ತೀ ಮಹೆಂಗೀ ಕೈಕು ರೇ?" ಇಷ್ಟು ತುಟ್ಟಿ ಯಾಕೆಂದು ಅಕ್ಕ ಉರ್ದುವಿನಲ್ಲಿ ಸಿಡಿದಳು.

ಪೋರ್ಚುಗಲ್ ಅಲ್ಲಿಗೆ ಮುಗಿಯಿತು. ಅವನು ಕೊತ್ತಂಬರಿ ವಾಪಸ್ ತೆಗೆದುಕೊಂಡ. ದಾರಿಯುದ್ದಕ್ಕೂ ಅಕ್ಕ, "ಮಾತು ಬಿಟ್ಟಿರಬಹುದವಾ, ಚೌಕಾಸಿ ಬಿಟ್ಟಿರಾಕ ಆಗೂದಿಲ್ಲ," ಎಂದು ನಗುತ್ತ ಬಂದಳು. ಊಟ ಮಾಡಿ ಮಲಗಿದಳು. ಬೆಳಿಗ್ಗೆ ಏಳಲಿಲ್ಲ.

ಮೂರು ತಿಂಗಳು ಹೋದವು. ರಾಯಚೂರಿನಿಂದ ತಮ್ಮ ದಿನಾ ಫೋನ್ ಮಾಡುತ್ತಿದ್ದ. "ಅಕ್ಕಾ, ಇಲ್ಲಿಗೆ ಬಂದುಬಿಡು. ಒಬ್ಬಾಕಿ ಅಲ್ಲೇನ್ ಮಾಡ್ತಿ?" ಇಲ್ಲಿ ಏನು ಮಾಡುತ್ತೇನೆಂದು ನನಗೂ ಗೊತ್ತಿರಲಿಲ್ಲ. ಅಕ್ಕ ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದಳು. ಅವಳ ಆಸೆಯನ್ನು ನಾನೊಬ್ಬಳೇ ಪೂರೈಸಬೇಕೇ, ಪೂರೈಸುವುದಾದರೆ ಎಲ್ಲಿ ಎಂಬುದು ತಲೆಯಲ್ಲಿ ಕೊರೆಯುತ್ತಿತ್ತು. ಕೊನೆಗೆ ಕೂಕಟ್‌ಪಲ್ಲಿಯಲ್ಲಿದ್ದ, ಅಕ್ಕ ಮೊದಲೇ ಮಾತಾಡಿಸಿದ್ದ ವೀಸಾ ಏಜೆಂಟರ ಹತ್ತಿರ ಹೋದೆ. ಅವರು ಮೈಸೂರಿನ ಹೆಂಗಸು.

"ಒಬ್ರೇ ಅಂದ್ರೆ ಇನ್ನೂ ಸುಲಭ ಬಿಡಿ ಮೇಡಂ," ಎಂದವರು ತಟ್ಟನೆ ನಾಲಿಗೆ ಕಚ್ಚಿಕೊಂಡರು. ಅಕ್ಕ ಹೋದದ್ದರಿಂದ ಏನಾದರೂ ಸುಲಭವಾಯಿತೆಂದು ಹೇಳಿದವರು ಅವರೊಬ್ಬರೇ. ತಪ್ಪನ್ನು ಮುಚ್ಚಲು ಚಹಾ ತರಿಸಿದರು, ಶ್ರೀಲಂಕಾದ ಕ್ಯಾಂಡಿಯ ಚಿತ್ರ ತೋರಿಸಿದರು. ಕೆರೆ, ಗುಡ್ಡ, ತಂಪು ಹವೆ. "ಅನ್ನ ಸಿಗುತ್ತೆ, ಮೇಡಂ. ಒಂದು ಫ್ಲೈಟ್ ಹಿಡಿದ್ರೆ ಮನೆಗೆ ಬಂದುಬಿಡಬಹುದು."

ಮಾರನೇ ಬೆಳಿಗ್ಗೆ ಕ್ಯಾಂಡಿಯ ಟೆಸ್ಟ್ ಡೋಸ್ ತೆಗೆದುಕೊಂಡೆ. ಸಿಂಹಳ ನನಗೆ ಬರುವುದಿಲ್ಲ. ಬಾಗಿಲಿಗೆ ಬೀಗ ಹಾಕಿ, ಬಾಯಿ ಮುಚ್ಚಿಕೊಂಡು ಹೊರಟೆ.

ಬಸ್ ಸ್ಟ್ಯಾಂಡಿನವರೆಗೂ ನಡೆದೆ. ಆಟೋದವರು ಕೂಗಿದರು, ನಾನು ಉತ್ತರ ಕೊಡಲಿಲ್ಲ. ಅಕ್ಕ ಹೋದ ಮೇಲೆ ಮೊದಲ ಸಲ ಮೈ ಹಗುರವೆನಿಸಿತು. ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎನ್ನುವ ಕೆಲಸ ಅವತ್ತು ನನಗಿರಲಿಲ್ಲ.

ತರಕಾರಿ ಗಾಡಿಗೆ ಬಂದು ಬದನೆಕಾಯಿ ತೋರಿಸಿದೆ.

"ಬೋಲೋ, ಅಮ್ಮಾ," ಎಂದ ತರಕಾರಿಯವನು.

ಮತ್ತೆ ಬದನೆಕಾಯಿ ತೋರಿಸಿದೆ. ಅವನ ಮುಖ ಬಿಳಿಚಿಕೊಂಡಿತು. ಪಕ್ಕದ ನಿಂಬೆಹಣ್ಣಿನವನಿಗೆ, "ಬಡೀ ಬೆಹನ್ ಗಯೀ ನಾ, ಗಮ್ ಸೇ ಜಬಾನ್ ಬಂದ್ ಹೋಗಯೀ," ಎಂದ. ಅಕ್ಕ ಹೋದ ದುಃಖಕ್ಕೆ ನನ್ನ ನಾಲಿಗೆ ಬಿದ್ದುಹೋಗಿದೆ ಎಂದು ಅವರಿಬ್ಬರೂ ತೀರ್ಮಾನಿಸಿದರು.

ಆಗಲೇ ಬಾಯಿ ಬಿಡಬಹುದಿತ್ತು. ಆದರೆ ಅಷ್ಟು ಕನಿಕರ ಕಂಡ ಮೇಲೆ, ಇದು ಕ್ಯಾಂಡಿ ಎಂದು ಯಾವ ಮುಖದಿಂದ ಹೇಳುವುದು? ಹೂವಿನವಳು, "ಅಯ್ಯೋ ಪಾಪಂ," ಎನ್ನುತ್ತ ಟೊಮೆಟೊ ಕ್ರೇಟು ಬೋರಲು ಹಾಕಿ ನನ್ನನ್ನು ಕೂರಿಸಿದಳು. ಚಹಾ ಬಂತು. ನಿಂಬೆಹಣ್ಣಿನವನು ಒಂದು ನಿಂಬೆಹಣ್ಣನ್ನು ನನ್ನ ತಲೆಯ ಸುತ್ತ ನಿವಾಳಿಸಿದ. ಪರಿಣಾಮ ಕಾಣದೆ ಇನ್ನೂ ದೊಡ್ಡದನ್ನು ಆರಿಸಿಕೊಂಡ. ಅಷ್ಟರಲ್ಲಿ ಯಾರೋ ಹೇಳಿ ನಮ್ಮ ಮೇಲಿನ ಮನೆಯ, ಎಲ್ಲರೂ ಆಪಾ ಎನ್ನುವ ಹೆಂಗಸು ಓಡಿಬಂದರು. ತುರ್ತಿಗೆ ಇರಲಿ ಎಂದು ಅಕ್ಕ ಅವರಿಗೆ ತಮ್ಮನ ನಂಬರ್ ಕೊಟ್ಟಿದ್ದಳು. ಅವರು ನಿಂತಲ್ಲೇ ರಾಯಚೂರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ಅಕ್ಕಾ! ನೀ ಏನೂ ಮಾತಾಡಬ್ಯಾಡ!" ತಮ್ಮ ಚೀರುತ್ತಿದ್ದ. "ಬರೇ ಹೂಂ ಅನ್ನು, ಸಾಕು!"

"ಹೂಂ ಅಂದ್ರ ಮಾತಾಡಿದಂಗ ಅಲ್ಲೇನೋ, ದಡ್ಡಾ!" ಎಂದುಬಿಟ್ಟೆ.

ಜನ ಚಪ್ಪಾಳೆ ತಟ್ಟಿದರು. ಆಪಾ ಅತ್ತರು. ನಿಂಬೆಹಣ್ಣಿನವನು ದೊಡ್ಡ ಹಣ್ಣನ್ನು ಎತ್ತಿ ಎಲ್ಲರಿಗೂ ತೋರಿಸಿದ.

ಅಂದಿನಿಂದ ನನ್ನ ಬಾಯಿಯ ಮೇಲೆ ಎಲ್ಲರಿಗೂ ನಿಗಾ. ತರಕಾರಿಯವನು ನಾನು ಮಾತಾಡದೆ ತಕ್ಕಡಿ ಮುಟ್ಟುವುದಿಲ್ಲ. ಆಪಾ ಮೆಟ್ಟಿಲು ಇಳಿಯುವಾಗೆಲ್ಲ ನಮ್ಮ ಬಾಗಿಲು ತಟ್ಟಿ, ನಾನು ಓ ಅಂದ ಮೇಲೆಯೇ ಮುಂದೆ ಹೋಗುತ್ತಾರೆ. ಎಲ್ಲರೂ ಒಳ್ಳೆಯವರು. ಆದರೆ ಅವತ್ತು ಬಸ್ ಸ್ಟ್ಯಾಂಡಿನವರೆಗೆ ಸಿಕ್ಕ ಆ ಹಗುರ ಮತ್ತೆ ಸಿಗಲಿಲ್ಲ. ನಾನು ಸುಮ್ಮನಿದ್ದರೆ ಯಾರೂ ಗಾಬರಿಯಾಗದ ಊರಿನಲ್ಲಿ ಸ್ವಲ್ಪ ಕಾಲ ಇರಬೇಕು ಅನ್ನಿಸಿತು. ಮೊದಲು ಮೂರು ತಿಂಗಳು ಕ್ಯಾಂಡಿ, ಒಗ್ಗಿದರೆ ಅಲ್ಲೇ ಎಂದು ತೀರ್ಮಾನಿಸಿದೆ.

ತಮ್ಮನಿಗೆ ಹೇಳಲು ಹೆದರುತ್ತ ಫೋನ್ ಮಾಡಿದೆ. ಅವನು ಮಗುವಿಗೆ ಹೇಳುವಂತೆ, "ಆತಕ್ಕಾ. ನಿನ್ನ ಮನಸಿಗೆ ಹೆಂಗ ಬರ್ತೈತಿ ಹಂಗ ಮಾಡು," ಎಂದ. ಆಪಾ, "ಜರೂರ್ ಜಾವ್," ಎಂದು ಖಂಡಿತ ಹೋಗಲು ಹೇಳಿದರು. ತರಕಾರಿಯವನು ಬೆಂಡೆಕಾಯಿಗೆ ನಾನು ಕೇಳಿದ ರೇಟಿಗೇ ಒಪ್ಪಿದ. ಎದುರು ಮಾತಾಡಿದರೆ ನನ್ನ ನಾಲಿಗೆ ಮತ್ತೆ ಬಿದ್ದೀತೆಂಬ ಭಯ ಎಲ್ಲರಿಗೂ.

ಅಕ್ಕ ಇದ್ದಿದ್ದರೆ, "ಕ್ಯಾಂಡಿ ಏನ್ ಫಾರಿನ್ನಾ? ನಮ್ಮ ಹಿತ್ತಲ ಐತಿ ಅದು," ಎಂದು ಶುರುಮಾಡುತ್ತಿದ್ದಳು. ನಾನು ಮುನಿಸಿಕೊಳ್ಳುತ್ತಿದ್ದೆ. ಎರಡು ದಿನ ಮಾತು ಬಿಡುತ್ತಿದ್ದೆವು. ಮೂರನೇ ದಿನ ಅವಳು ಕ್ಯಾಂಡಿ ತನ್ನದೇ ವಿಚಾರವೆಂಬಂತೆ ನನಗೇ ಬಿಡಿಸಿ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಯಾವುದೇ ತೀರ್ಮಾನ ಗಟ್ಟಿಯಾಗುತ್ತಿದ್ದದ್ದು ಹಾಗೆ.

ಟಿಕೆಟ್ ಬಂದಿದೆ. ನನ್ನ ಜೊತೆ ಜಗಳಾಡುವವರು ಯಾರೂ ಇಲ್ಲ.