ಚೌಕಳಿ ಅಂಗಿ

ಚಿಕ್ಕೋಡಿಯಲ್ಲಿ ಬಿ.ಎ. ಮುಗಿಸಿ ಸದಲಗಾದ ನಮ್ಮ ಮನೆಗೆ ಬಂದ ಮೇಲೆ ಒಂದು ವರ್ಷ ನಾನು ಮಾಡಿದ ಕೆಲಸವೆಂದರೆ ನಿದ್ದೆ. ಹತ್ತಕ್ಕೆ ಎಚ್ಚರಾಗುತ್ತಿದ್ದೆ, ಹಾಸಿಗೆಯಲ್ಲೇ ಮೊಬೈಲ್ ಹಿಡಿದು ಹನ್ನೊಂದು ಮಾಡುತ್ತಿದ್ದೆ. ನೌಕರಿ ಪರೀಕ್ಷೆಯ ದಪ್ಪ ಪುಸ್ತಕಗಳನ್ನು ಕೊಂಡಿದ್ದೆ. ಮೊದಲ ಪಾಠದ ನಾಲ್ಕು ಸಾಲಿಗೆ ಮಾತ್ರ ಗೆರೆ ಎಳೆದಿದ್ದೆ. ಯಾರಾದರೂ ಕೇಳಿದರೆ ಅವ್ವ, "ರಾತ್ರೆಲ್ಲಾ ಓದ್ಯಾನ್ರಿ, ಈಗ ಮಲ್ಕೊಂಡಾನ" ಅನ್ನುತ್ತಿದ್ದಳು. ಆ ಸುಳ್ಳು ಒಳಗೆ ಮಲಗಿದ್ದ ನನಗೆ ಕೇಳಿಸುತ್ತಿತ್ತು. ನಾಚಿಕೆಯಾಗುತ್ತಿತ್ತು. ಮಗ್ಗುಲು ಬದಲಿಸುತ್ತಿದ್ದೆ.

ಅಷ್ಟರಲ್ಲಿ ಅಪ್ಪ ಬೈಕಿನಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ. ಅವ್ವನ ಬೆರಳುಗಳಿಗೆ ಮೊದಲೇ ಸಂಧಿವಾತ. ನಮ್ಮ ಪಂಢರಪುರಿ ತಳಿಯ ಎಮ್ಮೆಯನ್ನು ಹಿಂಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಮೊದಲ ವಾರ ಅದು ಒದ್ದದ್ದೇ ಒದ್ದದ್ದು. ಆ ಉದ್ದನೆಯ ಕೊಂಬು ನನ್ನ ಕಡೆ ತಿರುಗಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಆಮೇಲೆ ಹೊಂದಿಕೊಂಡಿತು. ಬೆಳಿಗ್ಗೆ ಐದೂವರೆ, ಸಂಜೆ ಐದೂವರೆ. ಮೈಮೇಲೆ ಅದೇ ನೀಲಿ ಚೌಕಳಿ ಅಂಗಿ. ತಿನ್ನಲು ಮುಂದೆ ಹಿಂಡಿ ಇಟ್ಟು, ಕೆಚ್ಚಲು ತೊಳೆದು ಕೂತರೆ ಸಾಕು, ಹಾಲು ಬಿಡುತ್ತಿತ್ತು. ಕಾಲೇಜು ಬಿಟ್ಟ ಮೇಲೆ ನನ್ನ ದಿನಕ್ಕೆ ಮೊದಲ ಸಲ ಒಂದು ಹಿಡಿತ ಸಿಕ್ಕಿತ್ತು. ಕ್ಯಾನು ಹಿಡಿದು ಡೇರಿಗೆ ಹೋಗುವಾಗ ದೊಡ್ಡ ಸಾಹೇಬನಂತೆ ನಡೆಯುತ್ತಿದ್ದೆ.

ಕೆಡುಕು ಶುರುವಾದದ್ದು ನಾನು ಅಂಕಪಟ್ಟಿ ತರಲು ಚಿಕ್ಕೋಡಿಗೆ ಹೋದ ದಿನ. ಬರುವುದು ತಡವಾಯಿತು. ಅಪ್ಪನ ಪ್ಲಾಸ್ಟರ್ ಆಗಲೇ ಬಿಚ್ಚಿಯಾಗಿತ್ತು, ತಾನೇ ಹಿಂಡಲು ಕೂತಿದ್ದ. ಎಮ್ಮೆ ಒಂದು ಹನಿ ಬಿಡಲಿಲ್ಲ, ಬಕೆಟ್ ಒದ್ದು ಉರುಳಿಸಿತು.

"ಇದಕ್ಕ ನಿನ್ನ ಕೈ ರೂಢಿ ಆಗೇತಿ, ತಮ್ಮಾ" ಎಂದ. ಅಪ್ಪನಿಗೆ ಚಿಂತೆ. ನನಗೆ ಆದದ್ದು ಖುಷಿ. ಅಷ್ಟು ಖುಷಿ ಯಾಕೆಂದು ನಾನು ಆಗಲೇ ಹೆದರಬೇಕಿತ್ತು.

ಮುಂದಿನ ತಿಂಗಳು ಬೆಳಗಾವಿಯಲ್ಲಿ ಪರೀಕ್ಷೆ ಇತ್ತು. "ನಾ ಹೋದ್ರ ಎಮ್ಮಿ ಹಿಂಡವ್ರ್ಯಾರು?" ಎಂದೆ. ಪರೀಕ್ಷೆಗೆ ಹೋಗಲಿಲ್ಲ. ಎರಡನೆಯ ಪರೀಕ್ಷೆಗೂ ಅದೇ ಮಾತು. ಮೂರನೆಯದಕ್ಕೆ ನನ್ನನ್ನು ಯಾರೂ ಕೇಳಲೇ ಇಲ್ಲ. ಪುಸ್ತಕಗಳ ಮೇಲೆ ಹಿಂಡಿಯ ಚೀಲ ಬಂದು ಕೂತಿತ್ತು. ಎಮ್ಮೆ ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿತ್ತು. ನನ್ನ ಗುಟ್ಟು ಗೊತ್ತಿರುವುದು ಅದಕ್ಕೊಂದಕ್ಕೇ ಅನ್ನಿಸಿ, ಹಗ್ಗ ಕಟ್ಟುವಾಗ ಕಣ್ಣು ತಪ್ಪಿಸುತ್ತಿದ್ದೆ.

ನಾಲ್ಕನೆಯ ಪರೀಕ್ಷೆಯ ದಿನ ಬೆಳಿಗ್ಗೆ ಬಕೆಟ್ಟಿಗೆ ಹಾಲು ಬೀಳುವ ಸದ್ದಿಗೆ ಎಚ್ಚರವಾಯಿತು. ನಾನಿನ್ನೂ ಹಾಸಿಗೆಯಲ್ಲಿದ್ದೆ. ಹಾಗಾದರೆ ಹಿಂಡುತ್ತಿರುವವರು ಯಾರು? ಬರಿಗಾಲಲ್ಲಿ ಕೊಟ್ಟಿಗೆಗೆ ಹೋದೆ. ಎಮ್ಮೆಯ ಪಕ್ಕ ನನ್ನ ಚೌಕಳಿ ಅಂಗಿ ಕೂತಿತ್ತು. ನನ್ನದೇ ಬಾಗಿದ ಬೆನ್ನು. ತಲೆ ಮಾತ್ರ ಪೂರ್ತಿ ನೆರೆತಿತ್ತು. ಆ ಮುದುಕ ನಾನೇ ಎಂದು ಒಂದು ಗಳಿಗೆ ನಿಜವಾಗಿಯೂ ನಂಬಿದೆ.

ತಿರುಗಿದಾಗ ಅಪ್ಪ. ತುಂಬಿದ ಬಕೆಟ್ ಬದಿಗಿಟ್ಟು, ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟ. ಅವನು ಅಷ್ಟು ನಕ್ಕಿದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು.

"ನಿನ್ನ ವಾಸನಿಗೆ ಮೋಸ ಹೋತು ನೋಡು! ಇನ್ನ ದಿನಾ ನಾನ ಹಿಂಡ್ತೀನಿ. ಏಳರ ಬಸ್ಸ ಐತಿ, ಲಗೂನ ತಯಾರಾಗು."

ಒಳಗೆ ಅವ್ವ ಆಗಲೇ ನನಗೆ ರೊಟ್ಟಿ ಕಟ್ಟುತ್ತಿದ್ದಳು.

ನಾನು ಅಂಗಿಯನ್ನು ಹಿತ್ತಲಿಗೆ ಒಯ್ದೆ. ಕಲ್ಲಿನ ಮೇಲೆ ಹಾಸಿ, ಸೋಪು ಹಚ್ಚಿ ಉಜ್ಜಿದೆ. ಜಾಲಿಸಿದೆ. ಮೂಸಿ ನೋಡಿ ಮತ್ತೆ ಸೋಪು ಹಚ್ಚಿದೆ. ಅವ್ವ ಎರಡು ಸಲ ಕರೆದಳು. ಎರಡು ಸಲವೂ "ಬಂದೆ" ಎಂದೆ. ಏಳರ ಬಸ್ಸು ಹಾರ್ನ್ ಹೊಡೆದು ಊರು ದಾಟುವ ತನಕ ಆ ಅಂಗಿಯನ್ನು ತೊಳೆಯುತ್ತಲೇ ಇದ್ದೆ.