ದೋಣಿಯಣ್ಣನ ನೀಲಿ ಬಿಂದಿಗೆ

ನಾನು ಅಜ್ಜಿಯಾದೆ! ನಮ್ಮ ಮಗಳಿಗೆ ಹೆಣ್ಣು ಕೂಸು. ಆದೋನಿ ದವಾಖಾನೆಯಿಂದ ತಾಯಿ, ಮಗು ಇಬ್ಬರೂ ನಿನ್ನೆ ಮನೆಗೆ ಬಂದರು. ಕೂಸಿಗೆ ತಲೆತುಂಬ ಕೂದಲು... ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಮೆಣಸಿನಕಾಯಿ ಮಾರುವವಳಿಗೆ ಹೇಳಿದ್ದನ್ನೇ ಮತ್ತೆ ಹೇಳಿ ನಗಿಸಿಕೊಂಡೆ. ಹೆಚ್ಚು ಓದಿದವಳಲ್ಲ ನಾನು. ಆದರೂ ಈ ಸಂತೋಷ ತಡೆಯಲಾರದೆ ಬರೆಯಲು ಕೂತರೆ, ಕೂಸಿನ ಬದಲು ಒಬ್ಬ ಮನುಷ್ಯ ಬಂದು ಕಣ್ಣ ಮುಂದೆ ನಿಂತ.

ಕಾರಣ ಒಂದು ವಾಸನೆ. ಬಾಣಂತಿಗೆ ನೀರು ಹಾಕೋಣವೆಂದು ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಹನಿ ನೀರಿಲ್ಲ. ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕು ಸೀಳಿ ಎಲ್ಲ ಸೋರಿಹೋಗಿತ್ತು. ನಮ್ಮ ಮನೆಯವರು ಕುಡುಗೋಲು ಕಾಯಿಸಿ, ಹಳೆಯ ಕೊಡದ ಚೂರು ಕರಗಿಸಿ ತೇಪೆ ಹಾಕತೊಡಗಿದರು. ಸುಟ್ಟ ಪ್ಲಾಸ್ಟಿಕ್ಕಿನ ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ತಲೆ ತಾನಾಗಿ ತಗ್ಗಿತು. ಆ ಕೆಲಸವನ್ನು ಅವರು ಕಲಿತದ್ದು, ನಮ್ಮೂರಲ್ಲಿ ಹೊಳೆ ದಾಟಿಸುತ್ತಿದ್ದ ದೋಣಿಯಣ್ಣನನ್ನು ನೋಡಿ.

ಮಗಳ ಮದುವೆ ನಡೆದದ್ದು ಗಂಡಿನ ಮನೆಯಲ್ಲಿ, ತುಂಗಭದ್ರೆಯ ಆಚೆ ದಂಡೆಯ ಊರಿನಲ್ಲಿ. ಮದುಮಗಳು ಗಂಗಮ್ಮನಿಗೆ ಉಡಿ ತುಂಬಿ, ದೋಣಿಯ ಮೂತಿಗೆ ಕಾಯಿ ಒಡೆಸಿ ಹೊಳೆ ದಾಟುವುದು ನಮ್ಮ ಪದ್ಧತಿ. ಉಡಿ ತುಂಬಿದ ಮೇಲೆ ಹಿಂದಕ್ಕೆ ತಿರುಗುವಂತಿಲ್ಲ. ತಿರುಗಿದರೆ ಅವಳ ಬಾಳು ಹಸನಾಗದು ಎನ್ನುತ್ತಾರೆ. ದೋಣಿಯಣ್ಣನ ಕಟ್ಟಿಗೆಯ ದೋಣಿ ಕೊಳೆತುಹೋಗಿತ್ತು. ಆತ ಹಳೆಯ ಪ್ಲಾಸ್ಟಿಕ್ ಟ್ಯಾಂಕುಗಳ ಬಾಯಿ ಬಿಗಿದು, ಮೇಲೆ ಹಲಗೆ ಕಟ್ಟಿ, ಅದನ್ನೇ ದೋಣಿ ಮಾಡಿಕೊಂಡಿದ್ದ. ಆಚೆ ದಂಡೆಯಲ್ಲಿ ಬೀಗರು ಬಾಜಾ ಹಚ್ಚಿ ಕಾಯುತ್ತಿದ್ದರು. ಅವರು ತಲೆಗೆ ಸುತ್ತಿದ ಪಟಕದ ಬಣ್ಣ ಕೂಡ ನಮಗೆ ಕಾಣುತ್ತಿತ್ತು.

ನಮ್ಮ ಮನೆಯವರು ಹುರುಪಿನಲ್ಲಿ, ಕಟ್ಟಿಗೆಯ ದೋಣಿಗೆ ಒಡೆದಂತೆ, ಮುಂದಿನ ಟ್ಯಾಂಕಿಗೇ ಕಾಯಿ ಅಪ್ಪಳಿಸಿದರು. ಕಾಯಿ ಇಡಿಯಾಗಿ ಉರುಳಿತು. ಬಿಸಿಲಿಗೆ ಒಣಗಿದ ಟ್ಯಾಂಕು ಗೇಣುದ್ದ ಬಿರಿಯಿತು.

“ಥೂ, ಇದೇನಲೇ ಡಬ್ಬಾ ದೋಣಿ!” ಎಂದು ಅವರೇ ಜೋರು ಮಾಡಿದರು.

“ಗಂಗಮ್ಮಗ ಕಾಯಿ ಒಡಿ ಅಂದ್ರ ನನ್ನ ಟ್ಯಾಂಕಿ ಒಡದೆಲ್ಲೋ ಮಾವ! ಕಾಯಿನ ಗಟ್ಟಿ ಐತಿ, ಅದರ ಮ್ಯಾಲ ಕುಂತು ದಾಟೋಣ ಬಾ,” ಎಂದ ದೋಣಿಯಣ್ಣ. ಮಗಳು ಅಳುತ್ತಿದ್ದಳು. ಅವಳತ್ತ ತಿರುಗಿ, ತೆಲುಗು ಬೆರೆಸಿ, “ಏಂ ಕಾದು, ಏನೂ ಆಗಲ್ಲವ್ವ. ನಿನ್ನ ಹಿಂದಕ ಕಳಸಲ್ಲ ನಾ,” ಎಂದ.

ಮದುಮಗಳ ಸಾಮಾನಿನಲ್ಲಿ ತೇಪೆಗೆ ಆಗುವಂಥ ಹೊಸ ಪ್ಲಾಸ್ಟಿಕ್ ಕೊಡವಿತ್ತು. ಬಳುವಳಿಗೆ ಕತ್ತಿ ತಾಗಿಸಬಾರದೆಂದು ಆತನೇ ಬೇಡವೆಂದ. ತಾನು ಕುಡಿಯುವ ನೀರು ಚೆಲ್ಲಿ, ತನ್ನ ನೀಲಿ ಪ್ಲಾಸ್ಟಿಕ್ ಬಿಂದಿಗೆಯನ್ನು ಕತ್ತರಿಸಿದ. ಬಿರುಕು ಮುಂದಕ್ಕೆ ಹರಿಯದಂತೆ ಎರಡೂ ತುದಿಗೆ ಸಣ್ಣ ತೂತು ಕೊರೆದ. ಕಾದ ಕುಡುಗೋಲಿನಿಂದ ನೀಲಿ ತುಂಡನ್ನು ಕರಗಿಸಿ ಒತ್ತಿ ಒತ್ತಿ ಕೂರಿಸಿದ. ತುಂಡು ಹಿಡಿದು ಕೂತವರು ನಮ್ಮ ಮನೆಯವರು. ಒಂದು ಹನಿ ನೀರೂ ಒಳಗೆ ಬರಲಿಲ್ಲ...

ಆಚೆ ದಂಡೆ ಮುಟ್ಟಿದಾಗ ಬೀಗರು ತಡವೇಕಾಯಿತೆಂದು ಕೇಳಿದರು. ಹೆಣ್ಣಿನ ತಂದೆಯ ಮುಖ ಸಣ್ಣದಾಗಬಾರದೆಂದೋ ಏನೋ, ದೋಣಿಯಣ್ಣನೇ ಅಂದ: “ತಪ್ಪು ನಂದರಿ ಯಜಮಾನ್ರ. ಟ್ಯಾಂಕಿ ಮೊದಲ ಸೀಳಿತ್ತು, ನಾ ನೋಡಿದ್ದಿಲ್ಲ.” ನಮ್ಮ ಮನೆಯವರು ಹೌದೆಂದು ತಲೆಯಾಡಿಸಿದರು. ನಾನು ಸೆರಗು ಹೊದ್ದು ನೆಲ ನೋಡುತ್ತ ನಿಂತಿದ್ದೆ.

ಮದುವೆ ಮುಗಿಯುವವರೆಗೂ ಬೀಗರ ಮಂದಿ ಆತನನ್ನು ತೂತುದೋಣಿ, ತೂತುದೋಣಿ ಎಂದು ಕಾಡಿಸಿದರು. ಆ ಹೆಸರು ಎರಡೂ ದಂಡೆಗೆ ಅಂಟಿತು. ಜನ ಹತ್ತಲು ಹೆದರಿದರು. ಕಡೆಗೆ ಆತ ದೋಣಿಯನ್ನು ದಂಡೆಗೆ ಕವುಚಿ ಹಾಕಿ ಯಾರದೋ ಕುರಿ ಕಾಯಲು ಹೋದ. ಹೋದ ಚಳಿಗಾಲದಲ್ಲಿ ತೀರಿಕೊಂಡನಂತೆ... ಸುದ್ದಿ ನಮಗೆ ತಡವಾಗಿ ಬಂತು. ಸಕ್ಕರೆ ಹಂಚುವಾಗ ಮೊದಲ ಮುಷ್ಟಿ ಆತನಿಗೆ ಸಲ್ಲಬೇಕಿತ್ತು.

ಇಂದು ಸಂಜೆ ಕೂಸನ್ನು ನೋಡಲು ಬೀಗರು ಬಂದರು. ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. “ಮೊಮ್ಮಗಳನ್ನ ತೂತುದೋಣ್ಯಾಗ ಕಳಸಬ್ಯಾಡ್ರಿ ಮತ್ತ!” ಎಂದು ಬೀಗರು ನಕ್ಕರು. ಎಲ್ಲರೂ ನಕ್ಕರು. ನಮ್ಮ ಮನೆಯವರು ಮಾತ್ರ ತುತ್ತು ಕೆಳಗಿಟ್ಟರು. ಬೆರಳ ತುದಿಯಲ್ಲಿ ಬೆಳಗಿನ ಸುಟ್ಟ ಗುಳ್ಳೆ ಹಾಗೇ ಇತ್ತು.

“ಬೀಗರ, ಆ ಟ್ಯಾಂಕಿ ಒಡದಾವ ನಾನು.”

ಬೀಗರು ತಟ್ಟೆಯಿಂದ ಮುಖವೆತ್ತಲಿಲ್ಲ. “ಗೊತ್ತೈತ್ರಿ... ನಮ್ಮ ದಂಡಿಗೆ ನಿಂತು ಎಲ್ಲಾರೂ ನೋಡಿದ್ವಿ.”

ಒಳಗೆ ಕೂಸು ಅತ್ತು ಸುಮ್ಮನಾಯಿತು. ನಾನೆದ್ದು ಎಲ್ಲರ ತಟ್ಟೆಗೂ ಇನ್ನೊಂದು ಸೌಟು ಶ್ಯಾವಿಗೆ ಪಾಯಸ ಬಡಿಸಿದೆ. ತಲೆ ತಗ್ಗಿಸಿಕೊಂಡೇ, ಎಲ್ಲರೂ ಕೂಡಿ ಉಂಡೆವು.